ಬಾಗಿಲಿಗೆ ಕಟ್ಟೋದನ್ನ ಕಲಿಯೋಕೆ 40 ಪೌಂಡ್ ಕೊಡಬೇಕಾ?

ತಂಗೀ,

ನಿನ್ನ ಪತ್ರ ಬಂದಾಗ ನಾನು ದಾವಣಗೆರೆಯಲ್ಲಿ, ಅಮ್ಮನ ಮನೆ ಕಟ್ಟೆ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದೆ. ಅಣ್ಣನ ಮಗಳ ಮದುವೆಗೆ ಬಂದವಳು ಇನ್ನೂ ಹೊರಟಿಲ್ಲ. ನೀನು ಇದೇ ಊರಿನ ವಿದ್ಯಾನಗರ ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಮೂರು ತಿಂಗಳು. ನಾನು ಅದರ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ 19 ವರ್ಷ ಕಳೆದವಳು. ನೀನು ಅಲ್ಲಿ ಕೂತು ಕೇಳುತ್ತೀಯ, ನಾನು ಇಲ್ಲಿ ಕೂತು ಅಲ್ಲಿಯ ಸುದ್ದಿ ಹೇಳುತ್ತೇನೆ. ತಮಾಷೆ ಅಲ್ವಾ?

'ಸಣ್ಣ ವಿಷಯ ಅಕ್ಕಾ' ಅಂತ ನೀನೇ ಎರಡು ಸಲ ಬರೆದಿದ್ದೀಯ. ಪಕ್ಕದ ಮನೆಯವರು ಬಾಗಿಲ ಸಂದಿಯಲ್ಲಿ ಚೀಟಿ ಹಾಕಿದ್ದಾರೆ. ಡಿಸೆಂಬರ್ ಮೊದಲ ಶನಿವಾರ ಕ್ರಿಸ್‌ಮಸ್ ರೀಥ್ (ಬಾಗಿಲಿಗೆ ಕಟ್ಟುವ ಸೊಪ್ಪಿನ ಚಕ್ರ) ಮಾಡುವ ವರ್ಕ್‌ಶಾಪ್ ಇದೆ, ತಲೆಗೆ 40 ಪೌಂಡ್, ಜೊತೆಗೆ ಬರ್ತೀಯಾ ಅಂತ. ನಿನ್ನ ಯಜಮಾನರು 'ಸೂಪರ್ ಮಾರ್ಕೆಟಿನಲ್ಲಿ 10 ಪೌಂಡಿಗೆ ರೆಡಿ ಸಿಗುತ್ತೆ' ಅಂದರಂತೆ. ನಿಟುವಳ್ಳಿಯಿಂದ ಅತ್ತೆ ಫೋನಿನಲ್ಲಿ 'ಅದು ಅವರ ಪೂಜೆ ಸಾಮಾನಲ್ಲೇನವ್ವಾ' ಅಂದರಂತೆ. ನಿನಗೆ ಹೋಗೋ ಆಸೆ ಇದೆ. ಆದರೆ ಅಷ್ಟು ಜನ ಗುರುತಿಲ್ಲದವರ ನಡುವೆ ಎರಡು ಗಂಟೆ ಏನು ಮಾತಾಡಲಿ ಅನ್ನೋ ಹೆದರಿಕೆ. ಪತ್ರದ ಕೊನೆಗೆ, ಸಂಬಂಧವೇ ಇಲ್ಲದ ಹಾಗೆ, 'ಇಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುತ್ತೆ ಅಕ್ಕಾ, ನಿಮಗೆ ಯಾವಾಗ ಅಭ್ಯಾಸ ಆಯ್ತು?' ಅಂತ ಒಂದು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉತ್ತರ: ಹೋಗು. ಈಗ ಕಥೆ.

ನನ್ನ ಮೊದಲ ಎರಡು ಚಳಿಗಾಲ ಕಿಟಕಿ ಪಕ್ಕದಲ್ಲೇ ಮುಗಿದವು. ಕನ್ನಡದವರು ಸಿಗುತ್ತಿದ್ದರು, ಇಲ್ಲ ಅಂತಲ್ಲ. ಯುಗಾದಿ, ರಾಜ್ಯೋತ್ಸವ, ದೀಪಾವಳಿ ಅಂತ ಒಟ್ಟಿಗೆ ಸೇರುತ್ತಿದ್ದೆವು. ಚಿತ್ರಾನ್ನ, ಪಲ್ಯ, ಮಕ್ಕಳ ಡ್ಯಾನ್ಸು, ಮನೆಗೆ ಬರುವಾಗ ಗಂಟಲು ಕಟ್ಟುವಷ್ಟು ಮಾತು. ಆದರೆ ಅವರೆಲ್ಲ 40 ನಿಮಿಷ ಕಾರಿನ ದೂರ. ಸೋಮವಾರದಿಂದ ಶುಕ್ರವಾರ ನಿನ್ನ ಪಾರ್ಸೆಲ್ ಇಸಿದುಕೊಳ್ಳೋದು, ಕಸದ ಡಬ್ಬಿ ಯಾವ ವಾರ ಯಾವ ಬಣ್ಣದ್ದು ಅಂತ ಹೇಳೋದು ಪಕ್ಕದ ಮನೆಯವರು. ಅವರ ಜೊತೆ ನನಗೆ ಮಳೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಮಳೆಗೆ ಬರ ಇಲ್ಲ, ಹಾಗಾಗಿ ಮಾತಿಗೂ ಬರ ಬಂದಿರಲಿಲ್ಲ ಅನ್ನು. ಆದರೆ ಎಷ್ಟಂತ ಮಳೆ?

ನನ್ನ ಪಕ್ಕದ ಮನೆಯಾಕೆಗೆ ಆಗ 60 ದಾಟಿತ್ತು. ನಾನು ಮೊದಲ ದಿನವೇ 'ಆಂಟಿ' ಅಂದುಬಿಟ್ಟಿದ್ದೆ. ಅವರು ಹಿಂದೆ ತಿರುಗಿ ಯಾರನ್ನು ಕರೆದೆ ಅಂತ ನೋಡಿದರು. ನೀನು ಈ ತಪ್ಪು ಮಾಡಬೇಡ. ಅಲ್ಲಿ 70 ವರ್ಷದವರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ತಿರುಗೋಕೆ ಎರಡು ವರ್ಷ ಹಿಡಿಯಿತು. ಈಗಲೂ ಮನಸ್ಸಿನಲ್ಲಿ ಮುಂದೆ ಒಂದು 'ಅವರೇ' ಸೇರಿಸಿಕೊಂಡೇ ಕರೆಯುತ್ತೇನೆ.

ಮೂರನೇ ಚಳಿಗಾಲದಲ್ಲಿ ಅವರೂ ನಿನಗೆ ಬಂದ ಹಾಗೇ ಒಂದು ಚೀಟಿ ಹಾಕಿದರು. ಹೋದೆ. ಜಾಗ ಒಂದು ಹಳೇ ಹತ್ತಿ ಗಿರಣಿಯ ನೆಲಮಹಡಿ. ಕೆಂಪು ಇಟ್ಟಿಗೆ, ಕಬ್ಬಿಣದ ಕಂಬ, ಆಳೆತ್ತರದ ಕಿಟಕಿ. ಮೇಲಿನ ಮಹಡಿಗಳೆಲ್ಲ ಅಪಾರ್ಟ್‌ಮೆಂಟ್ ಆಗಿದ್ದವು. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ನಮ್ಮೂರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಹೆಸರಿತ್ತಲ್ಲ, ಅಪ್ಪ ಅದನ್ನು ಅವರ ಸ್ವಂತ ಬಿರುದಿನ ಹಾಗೆ ಹೇಳಿಕೊಳ್ಳುತ್ತಿದ್ದರು. ಅಸಲಿ ಮ್ಯಾಂಚೆಸ್ಟರಿನ ಗಿರಣಿಯೊಳಗೆ ಅವರ ಮಗಳು ಕಾಲಿಟ್ಟಾಗ ಅಲ್ಲಿ ನೂಲೂ ಇರಲಿಲ್ಲ, ಮಿಷಿನ್ನೂ ಇರಲಿಲ್ಲ. ಉದ್ದ ಮೇಜಿನ ಮೇಲೆ ಸೊಪ್ಪು ರಾಶಿ ಬಿದ್ದಿತ್ತು. ನಮ್ಮ ಮಂಡಿಪೇಟೆಯಲ್ಲಿ ಹಬ್ಬದ ಹಿಂದಿನ ದಿನ ಬಾಳೆಕಂಬ, ಮಾವಿನ ಸೊಪ್ಪು ರಾಶಿ ಹಾಕಿರುತ್ತಾರಲ್ಲ, ಹಾಗೆ. ವಾಸನೆ ಮಾತ್ರ ಬೇರೆ. ಫರ್ ಮರದ್ದು ಕಿತ್ತಳೆ ಸಿಪ್ಪೆಗೆ ಕರ್ಪೂರ ಸೇರಿಸಿದಂಥ ವಾಸನೆ. ನನಗೆ ಆ ವಾಸನೆಗೇ ಅರ್ಧ ಹೆದರಿಕೆ ಹೋಯಿತು.

ಅಲ್ಲಿ ಏನು ಮಾಡಿಸುತ್ತಾರೆ ಅಂತ ಹೇಳುತ್ತೇನೆ, ಮೊದಲೇ ಗೊತ್ತಿದ್ದರೆ ಕೈ ನಡುಗೋದಿಲ್ಲ.

ಮೊದಲು ಒಂದು ತಂತಿಯ ಬಳೆ ಕೊಡುತ್ತಾರೆ. ಸಾಮಾನ್ಯವಾಗಿ 10 ಇಲ್ಲ 12 ಇಂಚಿನದು. ಅದರ ಮೇಲೆ ಒದ್ದೆ ಪಾಚಿ ಇಟ್ಟು ಕಟ್ಟಬೇಕು. ಪಾಚಿ ಅಂದರೆ ನಮ್ಮ ಬಾವಿ ಗೋಡೆಗೆ ಹಿಡಿಯುವಂಥದ್ದಲ್ಲ. ಸ್ಪಂಜಿನ ಹಾಗೆ ದಪ್ಪ, ಮೆತ್ತಗೆ ಇರುತ್ತದೆ. ಅದರಲ್ಲಿ ಕಡ್ಡಿ, ಮುಳ್ಳು, ಒಂದೊಂದು ಸಲ ಹುಳವೂ ಇರುತ್ತದೆ, ಕಿರುಚಬೇಡ. ಬಿಡಿಸಿ, ಉದುರಿಸಿ, ಹಿಡಿ ಹಿಡಿಯಾಗಿ ಬಳೆಯ ಸುತ್ತ ಇಟ್ಟು ರೀಲಿನ ತಂತಿಯಿಂದ ಬಿಗಿಯಾಗಿ ಸುತ್ತುತ್ತಾ ಹೋಗಬೇಕು. ತಂತಿಯನ್ನು ನಡುವೆ ಕತ್ತರಿಸುವ ಹಾಗಿಲ್ಲ. ಮುಗಿದಾಗ ಥೇಟ್ ಸಿಂಬಿ. ಕೊಡ ಹೊರೋರು ತಲೆ ಮೇಲೆ ಇಟ್ಟುಕೊಳ್ಳುವ ಸಿಂಬಿ. ನಾನು ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ನಗುತ್ತಿದ್ದೆ. ಪಕ್ಕದವರು ಯಾಕೆ ಅಂದರು. ಸಿಂಬಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ತಲೆ ಮೇಲೆ ಇಟ್ಟೇ ತೋರಿಸಿದೆ. ಪಾಚಿ ನೀರು ಕಿವಿ ಹಿಂದೆ ಇಳಿಯಿತು.

ಆಮೇಲೆ ಸೊಪ್ಪು. ಫರ್, ಸ್ಪ್ರೂಸ್, ಐವಿ ಬಳ್ಳಿ, ನೀಲಗಿರಿ ಸೊಪ್ಪು (ಹೌದು, ನಮ್ಮ ನೀಲಗಿರಿಯ ಅಣ್ಣತಮ್ಮಂದಿರೇ, ಅಲ್ಲಿ ಅದು ಭಾರಿ ಫ್ಯಾಷನ್), ಮತ್ತೆ ಹಾಲಿ. ಹಾಲಿ ಶಾಸಕರು ಅಂತಾರಲ್ಲ, ಆ ಹಾಲಿ ಅಲ್ಲ. ಕಡು ಹಸಿರಿನ, ಅಂಚಿಗೆ ಮುಳ್ಳಿರುವ ಎಲೆ, ಕೆಂಪು ಹಣ್ಣು. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹಣ್ಣು ಬಿಡೋದು ಹೆಣ್ಣು ಮರದಲ್ಲಿ ಮಾತ್ರ. ಮೂರು ನಾಲ್ಕು ಚಿಗುರು ಸೇರಿಸಿ ಅರ್ಧ ಗೇಣಿನ ಸಣ್ಣ ಕಟ್ಟು ಮಾಡಬೇಕು. ಒಂದು ಕಟ್ಟನ್ನು ಸಿಂಬಿ ಮೇಲೆ ಇಟ್ಟು ಕಾಂಡದ ಮೇಲೆ ಮೂರು ಸುತ್ತು ತಂತಿ. ಅದರ ಕಾಂಡ ಮುಚ್ಚುವ ಹಾಗೆ ಮುಂದಿನ ಕಟ್ಟು. ಎಲ್ಲ ಒಂದೇ ದಿಕ್ಕಿಗೆ. ಮದುವೆ ಹೆಣ್ಣಿಗೆ ಮೊಗ್ಗಿನ ಜಡೆ ಹಾಕುತ್ತಾರಲ್ಲ, ಹಿಂದಿನ ಸಾಲಿನ ಬುಡ ಮುಂದಿನ ಸಾಲಿನ ತಲೆಯಡಿ ಮುಚ್ಚಿಹೋಗುತ್ತದಲ್ಲ, ಅದೇ ಲೆಕ್ಕ. ಕೊನೆಯ ಕಟ್ಟಿನ ಬುಡವನ್ನು ಮೊದಲ ಕಟ್ಟಿನ ತಲೆ ಎತ್ತಿ ಒಳಗೆ ತೂರಿಸಿದರೆ ಎಲ್ಲಿ ಶುರು, ಎಲ್ಲಿ ಮುಗೀತು ಗೊತ್ತಾಗೋದಿಲ್ಲ.

ಇಲ್ಲೇ ನಾನು ಎಡವಿದ್ದು. ನನ್ನ ಕೈಗೆ ಗೊತ್ತಿದ್ದದ್ದು ಬಾಳೆನಾರಿನಲ್ಲಿ ಹೂ ಕಟ್ಟೋದು. ಎರಡು ಹೂ ಆಚೆ, ಎರಡು ಈಚೆ, ಕುಣಿಕೆ ಹಾಕಿ ಎಳಿ. ಕೈ ತನ್ನ ಪಾಡಿಗೆ ಅದನ್ನೇ ಮಾಡುತ್ತಾ ಹೋಯಿತು. ಕಲಿಸುವಾಕೆ ಬಂದು ನೋಡಿದಾಗ ನನ್ನ ರೀಥಿನಲ್ಲಿ ಅರ್ಧ ಸೊಪ್ಪು ಮುಂದೆ, ಅರ್ಧ ಹಿಂದೆ. ಬಾಗಿಲಿಗೆ ಒರಗಿಸಿದರೆ ಒರಗೋದೇ ಇಲ್ಲ. 'ಓಹ್, ಇಂಟರೆಸ್ಟಿಂಗ್' ಅಂದರು. ನಾನು ಹಿಗ್ಗಿದೆ. ಆ ದೇಶದಲ್ಲಿ 'ಇಂಟರೆಸ್ಟಿಂಗ್' ಅಂದರೆ 'ಏನವ್ವ ಇದು ಗತಿ' ಅಂತ ಅರ್ಥ, ಅದು ತಿಳಿಯೋಕೆ ಇನ್ನೂ ಎರಡು ವರ್ಷ ಬೇಕಾಯಿತು.

ಬಿಚ್ಚಿ ಮತ್ತೆ ಕಟ್ಟುವಾಗ ನಾರು ಎಳೆದ ಹಾಗೆ ತಂತಿ ಎಳೆದೆ. ನಾರು ಎಳೆದರೆ ಬಗ್ಗುತ್ತದೆ. ತಂತಿ ಎಳೆದರೆ ಬೆರಳು ಕೊಯ್ಯುತ್ತದೆ. ತೋರುಬೆರಳಿನಿಂದ ರಕ್ತ ಪಾಚಿ ಮೇಲೆ ಬಿತ್ತು. ಪಕ್ಕದ ಮನೆಯಾಕೆ ಏನೂ ಮಾತಾಡದೆ ಚೀಲದಿಂದ ಪ್ಲಾಸ್ಟರ್ ತೆಗೆದು, ನನ್ನ ಕೈ ಹಿಡಿದು, ಒದ್ದೆ ಒರೆಸಿ, ಸುತ್ತಿದರು. ಮನೆಯವರನ್ನು, ಡಾಕ್ಟರನ್ನು ಬಿಟ್ಟರೆ ಆ ದೇಶದಲ್ಲಿ ಒಬ್ಬರು ನನ್ನ ಕೈ ಹಿಡಿದದ್ದು ಅದೇ ಮೊದಲು. ಮೂರನೇ ಚಳಿಗಾಲದಲ್ಲಿ. ನನಗೆ ಅಳು ಬಂತು. ನೋವಿಗೆ ಅಂತ ಅವರು ತಿಳಿದುಕೊಂಡರು. ಹಾಗೇ ಇರಲಿ ಅಂತ ಬಿಟ್ಟೆ.

ಆಮೇಲೆ ಅವರೇ ಕೇಳಿದರು, ನೀನು ಮೊದಲು ಕಟ್ಟುತ್ತಿದ್ದೆಯಲ್ಲ, ಆ ಗಂಟು ಯಾವುದು ಅಂತ. ಪಾರ್ಸೆಲ್ ಕಟ್ಟುವ ದಾರ, ಐವಿ ಎಲೆ ತೆಗೆದುಕೊಂಡು ತೋರಿಸಿದೆ. ಮೊಳದಷ್ಟು ಕಟ್ಟುವಷ್ಟರಲ್ಲಿ ಮೇಜಿನ ಈ ಕಡೆಯವರೆಲ್ಲ ಕತ್ತರಿ ಕೆಳಗಿಟ್ಟು ನೋಡುತ್ತಿದ್ದರು. ಆ ಕಡೆಯವರಿಗೆ ಏನೂ ಅನ್ನಿಸಲಿಲ್ಲ, ಅದೂ ಹೇಳಬೇಕು. ನನ್ನ ಎದುರಿಗೆ ಕೂತಿದ್ದ ಒಬ್ಬಾಕೆ ಎರಡು ಗಂಟೆಯಲ್ಲಿ ನನ್ನ ಜೊತೆ ಮಾತಾಡಿದ್ದು 'ಕತ್ತರಿ ಕೊಡ್ತೀರಾ' ಅಂತ ಅಷ್ಟೇ. ಅಂಥವರೂ ಇರುತ್ತಾರೆ. ದಾವಣಗೆರೆ ಮದುವೆ ಪಂಕ್ತಿಯಲ್ಲಿ ಇರೋದಿಲ್ವಾ?

ಅದಕ್ಕೇ ನಿನಗೆ ಏನು ಮಾತಾಡಲಿ ಅನ್ನೋ ಚಿಂತೆ ಬೇಡ ಅನ್ನೋದು. ಚಹಾಕ್ಕೆ ಕರೆದರೆ ಎದುರುಬದುರು ಕೂತು ಮುಖ ನೋಡಿಕೊಂಡು ಮಾತು ಹುಡುಕಬೇಕು. ಇಲ್ಲಿ ಕಣ್ಣು ಕೈ ಮೇಲೆ ಇರುತ್ತದೆ. ಹತ್ತು ನಿಮಿಷ ಸುಮ್ಮನಿದ್ದರೂ ಯಾರೂ ಏನೂ ಅಂದುಕೊಳ್ಳೋದಿಲ್ಲ. ನಿನ್ನ ಇಂಗ್ಲಿಷ್ ಅವರಿಗೆ ಅರ್ಥ ಆಗದಿದ್ದರೆ ಬೆರಳು ತೋರಿಸಿದರೂ ನಡೆಯುತ್ತದೆ. ನಮ್ಮಲ್ಲಿ ಶಾವಿಗೆ ಹೊಸೆಯೋಕೆ, ಹಪ್ಪಳ ಒತ್ತೋಕೆ ಓಣಿಯವರೆಲ್ಲ ಸೇರುತ್ತಿದ್ದರಲ್ಲ, ಹೊಸ ಸೊಸೆ ಓಣಿಗೆ ಪರಿಚಯ ಆಗುತ್ತಿದ್ದದ್ದೇ ಅಲ್ಲಿ. ಮಾತಿಗೆ ಅಂತ ಯಾರೂ ಬರುತ್ತಿರಲಿಲ್ಲ, ಹಪ್ಪಳಕ್ಕೆ ಬರುತ್ತಿದ್ದರು. ಇನ್ನೊಂದು, 'ಯು ಆಲ್‌ರೈಟ್?' ಅಂದರೆ ನಿನ್ನ ಮೈಕೈ ನೋವಿನ ಪಟ್ಟಿ ಕೊಡಬೇಡ. ಅದು ನಮ್ಮ 'ಊಟ ಆಯ್ತಾ' ಇದ್ದ ಹಾಗೆ. ಆಯ್ತು ಅಂದು ಮುಂದೆ ಹೋಗೋದು.

ಇನ್ನು ಅತ್ತೆಯ ಮಾತು. ನಗಬೇಡ, ನಮ್ಮಮ್ಮಂದು ಇದಕ್ಕಿಂತ ಜೋರು. ಆ ದಿನ ನಾನು ರೀಥನ್ನು ಬಾಗಿಲಿಗೆ ನೇತು ಹಾಕಿ ಹೆಮ್ಮೆಯಿಂದ ವಿಡಿಯೊ ಕಾಲ್ ಮಾಡಿದೆ. ಅಮ್ಮ ನೋಡಿದವರೇ ಎದೆ ಮೇಲೆ ಕೈ ಇಟ್ಟುಕೊಂಡು 'ಯಾರೇ ಹೋದ್ರು?' ಅಂದರು. ಸರಿಯೇ ತಾನೇ? ನಮ್ಮಲ್ಲಿ ಇಂಥ ದುಂಡನೆಯ ಹೂವಿನ ಚಕ್ರ ಕಾಣೋದು ಟಿವಿಯಲ್ಲಿ, ಯೋಧರ ಪೆಟ್ಟಿಗೆ ಮೇಲೆ, ಮಂತ್ರಿಗಳ ಪಾರ್ಥಿವ ಶರೀರದ ಮುಂದೆ. ಅಲ್ಲಿಯೂ ಆ ಬಳಕೆ ಇದೆ. ನವೆಂಬರಿನ ಎರಡನೇ ಭಾನುವಾರ ಯುದ್ಧದಲ್ಲಿ ಸತ್ತವರ ನೆನಪಿಗೆ ಗಸಗಸೆ ಜಾತಿಯ ಕೆಂಪು ಪಾಪಿ ಹೂವಿನ ರೀಥ್ ಇಡುತ್ತಾರೆ, ನೀನೂ ನೋಡಿರುತ್ತೀಯ. ಅದೇ ಹೆಸರು, ಅದೇ ಆಕಾರ. ಮೂರು ವಾರ ಕಳೆದರೆ ಅದೇ ಬಾಗಿಲ ಮೇಲೆ ಸಂಭ್ರಮ. ಅಮ್ಮನಿಗೆ ಒಪ್ಪಿಸೋಕೆ ಅರ್ಧ ಗಂಟೆ ಬೇಕಾಯಿತು. ಒಪ್ಪಿದ ಮೇಲೆ ಹತ್ತಿರ ತೋರಿಸು ಅಂದರು. ತೋರಿಸಿದೆ. 'ಅಯ್ಯೋ, ಪಲಾವಿಗೆ ಹಾಕೋ ಚಕ್ಕೇನ ಬಾಗಿಲಿಗೆ ಕಟ್ತಾರಾ?'

ಕಟ್ಟುತ್ತಾರೆ. ಚಕ್ಕೆ, ಒಣ ಕಿತ್ತಳೆ ಬಿಲ್ಲೆ, ಪೈನ್ ಮರದ ಕಾಯಿ, ಮೇಲೊಂದು ರಿಬ್ಬನ್ ಗಂಟು. ಮಿಂಚು ಪುಡಿ, ಪ್ಲಾಸ್ಟಿಕ್ ಹಣ್ಣು ಕೂಡ ಇಟ್ಟಿರುತ್ತಾರೆ, ಮುಟ್ಟಬೇಡ ಅನ್ನೋದು ನನ್ನ ಸ್ವಂತ ಅಭಿಪ್ರಾಯ. ಹಸಿ ಸೊಪ್ಪಿನ ಪಕ್ಕ ಅದು ಜಾತ್ರೆ ಬಳೆ ಅಂಗಡಿಯ ಹಾಗೆ ಕಾಣುತ್ತದೆ.

ಪೂಜೆ ಸಾಮಾನಾ ಅಂದರೆ, ಬಾಗಿಲಿಗೆ ಹಾಕುವ ರೀಥ್ ಹೆಚ್ಚು ಕಡಿಮೆ ನಮ್ಮ ತೋರಣ. ಹಬ್ಬದ್ದು ಹೌದು, ಆದರೆ ಅದಕ್ಕೆ ಯಾರೂ ಕೈ ಮುಗಿಯೋದಿಲ್ಲ. ಚರ್ಚಿಗೆ ಕಾಲಿಡದವರ ಬಾಗಿಲಲ್ಲೂ ಇರುತ್ತದೆ. ಚಳಿಗಾಲದಲ್ಲಿ ಎಲೆ ಉದುರದ ಸೊಪ್ಪು ತಂದು ಮನೆ ಸಿಂಗರಿಸೋದು ಕ್ರಿಸ್‌ಮಸ್‌ಗಿಂತ ಹಳೇದು. ರೋಮನ್ನರು ಡಿಸೆಂಬರಿನ ಸ್ಯಾಟರ್ನೇಲಿಯಾ ಹಬ್ಬಕ್ಕೆ ಇದನ್ನೇ ಮಾಡುತ್ತಿದ್ದರು. ದೇವರ ಲೆಕ್ಕ ಇರೋದು ಬೇರೆ ಒಂದಕ್ಕೆ, ಅಡ್ವೆಂಟ್ ರೀಥ್ ಅಂತ. ಅದನ್ನು ಮೇಜಿನ ಮೇಲೆ ಮಲಗಿಸಿ ಮೋಂಬತ್ತಿ ಇಡುತ್ತಾರೆ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದು ಹಚ್ಚುತ್ತಾರೆ. ಅದರ ಹುಟ್ಟು ನನಗೆ ಇಷ್ಟದ ಕಥೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್‌ರಿಖ್ ವಿಷರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗೆ ಒಂದು ಆಶ್ರಯಮನೆ ನಡೆಸುತ್ತಿದ್ದರು. ಹಬ್ಬ ಯಾವಾಗ, ಹಬ್ಬ ಯಾವಾಗ ಅಂತ ಮಕ್ಕಳ ಕಾಟ. 1839ರಲ್ಲಿ ಅವರು ಒಂದು ಗಾಡಿ ಚಕ್ರ ತಂದು ಅದರ ಮೇಲೆ ಭಾನುವಾರಕ್ಕೆ ದೊಡ್ಡ ಬಿಳಿ ಮೋಂಬತ್ತಿ, ಉಳಿದ ದಿನಕ್ಕೆ ಸಣ್ಣ ಕೆಂಪು ಮೋಂಬತ್ತಿ ನಿಲ್ಲಿಸಿದರು. ದಿನಕ್ಕೊಂದು ಹಚ್ಚಿ, ನೀವೇ ಎಣಿಸಿಕೊಳ್ಳಿ ಅಂದ ಹಾಗೆ. ಅತ್ತೆಗೆ ಈ ಕಥೆ ಹೇಳು. ಮೊಮ್ಮಕ್ಕಳ ಕಾಟ ಗೊತ್ತಿರೋರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಆಮೇಲೂ ಬೇಡ ಅಂದರೆ, ಫೋಟೊ ಕಳಿಸಬೇಡ ಅಷ್ಟೇ.

ದುಡ್ಡಿನ ಮಾತಿಗೆ ನಿನ್ನ ಯಜಮಾನರು ತಪ್ಪು ಹೇಳಿಲ್ಲ. ಅಲ್ಲಿ ಇಂಥ ವರ್ಕ್‌ಶಾಪ್‌ಗಳಿಗೆ 35 ರಿಂದ 60 ಪೌಂಡ್ ಕೇಳುತ್ತಾರೆ. 60ರದ್ದರಲ್ಲಿ ವೈನು, ಫೋಟೊ ತೆಗೆಯೋಕೆ ಸಿಂಗರಿಸಿದ ಗೋಡೆ, ಎಲ್ಲ ಇರುತ್ತದೆ, ಕಲಿಯೋದು ಕಡಿಮೆ. ಚರ್ಚಿನ ಹಾಲ್, ಊರಿನ ಸಮುದಾಯ ಭವನಗಳಲ್ಲಿ ಇದಕ್ಕಿಂತ ಅಗ್ಗಕ್ಕೂ ನಡೆಯುತ್ತದೆ. ನಿನಗೆ ಈ ವರ್ಷ 40 ಪೌಂಡ್ ನಿಜವಾಗಿ ಭಾರ ಅಂದರೆ ಪಕ್ಕದವರಿಗೆ ಹಾಗೇ ಹೇಳು, ನಾಚಿಕೆ ಬೇಡ. 'ವರ್ಕ್‌ಶಾಪ್ ಈ ಸಲ ಆಗಲ್ಲ, ಮನೆಯಲ್ಲಿ ಇಬ್ಬರೂ ಮಾಡೋಣವಾ' ಅನ್ನು. ತಂತಿ ಬಳೆ, ರೀಲು ಎರಡಕ್ಕೂ ಹೆಚ್ಚು ಬೆಲೆ ಇಲ್ಲ. ಕ್ರಿಸ್‌ಮಸ್ ಮರ ಮಾರೋರು ಬುಡ ಸವರಿ ಬಿಸಾಕಿದ ಕೊಂಬೆಗಳನ್ನು ಕೇಳಿದರೆ ಸುಮ್ನೆ ಕೊಡೋದೂ ಉಂಟು. ಕಿತ್ತಳೆ ಬಿಲ್ಲೆ ತೆಳ್ಳಗೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ, ಓವನ್ನಿನಲ್ಲಿ 100 ಡಿಗ್ರಿಗೆ ಮೂರು ನಾಲ್ಕು ಗಂಟೆ ಇಟ್ಟು ನಡುವೆ ಮಗುಚಿ ಹಾಕಿದರೆ ಒಣಗುತ್ತದೆ. ಮನೆಯೆಲ್ಲ ಘಮ್ ಅನ್ನುತ್ತದೆ. ಆದರೆ ಮೊದಲ ಸಲ ನಾನು ದುಡ್ಡು ಕೊಟ್ಟೇ ಹೋಗು ಅನ್ನುತ್ತೇನೆ. ದುಡ್ಡು ಕೊಟ್ಟಿದ್ದರೆ ಶನಿವಾರ ಬೆಳಗ್ಗೆ ತಲೆನೋವು ಅಂತ ಮಲಗೋದಿಲ್ಲ. ನನಗೆ ನನ್ನ ಬುದ್ಧಿ ಗೊತ್ತು, ನಿನ್ನದೂ ಅಂಥದ್ದೇ ಇರಬೇಕು ಅಂತ ಪತ್ರ ನೋಡಿ ಅನ್ನಿಸಿತು.

ತಿನ್ನೋ ವಿಷಯ ಮರೆತಿದ್ದೆ. ಮಿನ್ಸ್ ಪೈ ಅಂತ ಕೊಡುತ್ತಾರೆ. ಹೆಸರು ಕೇಳಿ ಖೀಮಾ ಅಂತ ಹೆದರಬೇಡ, ಒಳಗಿರೋದು ಒಣದ್ರಾಕ್ಷಿ, ಮಸಾಲೆ. ಆದರೆ ಹಳೇ ಪದ್ಧತಿಯಲ್ಲಿ ಅದಕ್ಕೆ ದನದ ಕೊಬ್ಬು ಬೀಳುತ್ತದೆ, ಸೂಯೆಟ್ ಅಂತಾರೆ. ಈಗ ಅಂಗಡಿಯವು ಬಹಳಷ್ಟು ಗಿಡದ ಎಣ್ಣೆಯಲ್ಲೇ ಬರುತ್ತವೆ. ಆದರೂ ಡಬ್ಬಿ ಮೇಲೆ ವೆಜಿಟೇರಿಯನ್ ಅಂತ ಇದೆಯಾ ನೋಡು, ಮನೆಯಲ್ಲಿ ಮಾಡಿದ್ದಾದರೆ ಕೇಳು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಮಲ್ಡ್ ವೈನ್ ಅಂದರೆ ಚಕ್ಕೆ ಲವಂಗ ಹಾಕಿ ಬಿಸಿ ಮಾಡಿದ ವೈನು. ವಾಸನೆ ನಮ್ಮ ಕಷಾಯದ ಹಾಗೇ ಇರುತ್ತದೆ, ನಾನು ಕಷಾಯ ಅಂತಲೇ ಅರ್ಧ ಲೋಟ ಕುಡಿದಿದ್ದೆ. ಮುಂದಿನದು ಕೇಳಬೇಡ.

ಬಟ್ಟೆ ಹಳೇದು ಹಾಕಿಕೋ. ಪೈನ್ ಅಂಟು ಹೋಗೋದಿಲ್ಲ. ಕಾರ್ಡಿಗನ್ ತೋಳು ಬಿಗಿಯಾಗಿರಲಿ, ಬಳೆ ಮನೆಯಲ್ಲೇ ಬಿಟ್ಟು ಹೋಗು, ತಂತಿಗೆ ಸಿಕ್ಕುತ್ತದೆ.

ತಂದ ಮೇಲೆ ಒಳಗೆ ಇಡಬೇಡ. ಮೊದಲ ವರ್ಷ ನಾನು ಬಾಗಿಲಲ್ಲಿದ್ದರೆ ಗಾಳಿಗೆ ಹಾಳಾದೀತು ಅಂತ ಆಮೇಲೆ ಒಳಗೆ ತಂದು, ಹಜಾರದಲ್ಲಿ ಮನೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ನೇತು ಹಾಕಿದೆ. ಐದು ದಿನಕ್ಕೆ ಕೆಳಗೆಲ್ಲ ಸೂಜಿಯಂಥ ಎಲೆಗಳ ರಾಶಿ. ಹೊರಗೆ ಚಳಿಯಲ್ಲೇ ಅದಕ್ಕೆ ಸುಖ. ಮಳೆ ಬೀಳದ ಬಾಗಿಲಾದರೆ ಆಗಾಗ ನೀರು ಚಿಮುಕಿಸು, ನಾಲ್ಕೈದು ವಾರ ಹಸಿರಾಗಿರುತ್ತದೆ. ಜನವರಿ 5 ಇಲ್ಲ 6ಕ್ಕೆ ಎಲ್ಲರೂ ಇಳಿಸುತ್ತಾರೆ, ಅದಾದ ಮೇಲೂ ಇದ್ದರೆ ಅಪಶಕುನ ಅನ್ನೋ ನಂಬಿಕೆ. ಒಣಗಿದ ತೋರಣ ಮುಂದಿನ ಹಬ್ಬದವರೆಗೂ ಬಾಗಿಲಲ್ಲೇ ಇರುವ ನಮ್ಮಂಥವರಿಗೆ ಇದು ಕಷ್ಟ. ಹಾಲಿ, ಐವಿ, ಮಿಸಲ್‌ಟೋ ಮೂರರ ಹಣ್ಣೂ ಹೊಟ್ಟೆಗೆ ವಿಷ. ನಿನ್ನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನದು, ಎತ್ತರದಲ್ಲಿ ಕಟ್ಟು.

ಮಿಸಲ್‌ಟೋ ಅಂದರೆ ಏನು ಗೊತ್ತಾ? ನಮ್ಮ ಬಂದಳಿಕೆಯ ಬಳಗ! ನಮ್ಮಲ್ಲಿ ಮಾವಿನ ಮರಕ್ಕೆ ಹತ್ತಿದರೆ ಮರ ಹಾಳು ಅಂತ ಕಡಿದು ಬಿಸಾಕುತ್ತಾರೆ. ಅಲ್ಲಿ ಸೇಬಿನ ಮರಕ್ಕೆ ಹತ್ತಿದ್ದನ್ನು ಕೊಯ್ದು ಮಾರುತ್ತಾರೆ. ವೂಸ್ಟರ್‌ಶೈರಿನ ಟೆನ್‌ಬರಿ ವೆಲ್ಸ್ ಅನ್ನುವ ಊರಿನಲ್ಲಿ ಅದರ ಹರಾಜೇ ನಡೆಯುತ್ತದೆ, ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಹರಾಜು ಕೂಗಿದ ಹಾಗೆ. ಅದನ್ನು ಮನೆಯಲ್ಲಿ ಕಟ್ಟಿ ಅದರ ಕೆಳಗೆ ನಿಂತವರಿಗೆ ಮುತ್ತು ಕೊಡೋದು ಸಂಪ್ರದಾಯ. ವರ್ಕ್‌ಶಾಪಿನಲ್ಲಿ ಅದರ ಕೆಳಗೆ ಮಾತ್ರ ನಿಲ್ಲಬೇಡ ತಾಯಿ.

ಇನ್ನೊಂದು ಎಚ್ಚರಿಕೆ. ನಾವು ದಾವಣಗೆರೆಯಲ್ಲಿ ಬೆಳಗ್ಗೆ ಐದೂವರೆಗೆ ಪ್ಲಾಸ್ಟಿಕ್ ಕವರ್ ಹಿಡಿದು ಹೊರಟು, ಯಾರ ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳವಾದರೂ ದೇವರಿಗೇ ಸೇರಿದ್ದು ಅಂತ ಕಿತ್ತವರು. ನಾನು ಎರಡನೇ ವರ್ಷ ಸ್ವಂತ ರೀಥ್ ಮಾಡುವ ಹುಮ್ಮಸ್ಸಿನಲ್ಲಿ ರಸ್ತೆ ತಿರುವಿನ ಮನೆಯ ಬೇಲಿಯಿಂದ ಐವಿ ಕಿತ್ತೆ. ಆ ಮನೆಯವರು ಕಿಟಕಿ ತೆಗೆದು, ನಗುತ್ತಲೇ, 'ಸಹಾಯ ಬೇಕಾ?' ಅಂದರು. ಅದು ಸಹಾಯದ ಮಾತಲ್ಲ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಕೇಳಿ ಕೀಳು. ಕೇಳಿದರೆ ಬುಟ್ಟಿಗಟ್ಟಲೆ ಕೊಡುತ್ತಾರೆ.

ಹಾಗೆ ಕೇಳಿಯೇ ನನಗೆ ಮಾವಿನ ಎಲೆ ಸಿಕ್ಕಿದ್ದು. ಅಂದರೆ ಮಾವಲ್ಲ. ಆ ವರ್ಕ್‌ಶಾಪ್ ಆದ ಮೇಲೆ ಮಾರ್ಚ್‌ನಲ್ಲಿ, ಯುಗಾದಿಗೆ ತೋರಣ ಇಲ್ಲವಲ್ಲ ಅಂತ ಪಕ್ಕದ ಮನೆಯಾಕೆ ಹತ್ತಿರ ಸುಮ್ನೆ ಹೇಳಿಕೊಂಡೆ. ಎಂಥ ಎಲೆ ಅಂದರು. ಉದ್ದ, ದಪ್ಪ, ಹೊಳೆಯುವ ಹಸಿರು ಅಂದೆ. ಕತ್ತರಿ ತಂದು ಅವರ ಹಿತ್ತಲಿನ ಬೇಲಿಗೆ ಕರೆದುಕೊಂಡು ಹೋದರು. ಲಾರೆಲ್ ಬೇಲಿ. ನಿನ್ನ ರಸ್ತೆಯಲ್ಲೂ ಇರುತ್ತದೆ, ನೋಡು. ದೂರದಿಂದ ಸಾಕ್ಷಾತ್ ಮಾವಿನೆಲೆ. ಬಾಯಿಗೆ ಮಾತ್ರ ಬೇಡ, ಅದೂ ವಿಷ. ತೋರಣಕ್ಕೆ ಅಡ್ಡಿಯಿಲ್ಲ. ಅವರು ಕೊಯ್ದರು, ನಾನು ದಾರಕ್ಕೆ ಮಡಿಸಿ ಕಟ್ಟಿದೆ. ಡಿಸೆಂಬರಿನಲ್ಲಿ ಕಲಿತ ಗಂಟು ನೆನಪಿದೆ ಅಂತ ಅವರೂ ಒಂದು ಸಾಲು ಹಿಡಿದರು. ಮೂರು ಎಲೆಗೆ ಬಿಚ್ಚಿಹೋಯಿತು. ಅಂದಿನಿಂದ ಪ್ರತಿ ವರ್ಷ ಯುಗಾದಿ ಯಾವ ದಿನ ಅಂತ ಫೆಬ್ರುವರಿಯಲ್ಲೇ ಕೇಳಿ ಕ್ಯಾಲೆಂಡರಿಗೆ ಬರೆದುಕೊಳ್ಳುತ್ತಾರೆ. ಗಂಟು ಇವತ್ತಿಗೂ ಬಂದಿಲ್ಲ.

ಇದರಿಂದ ನಿನಗೂ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ವರ್ಕ್‌ಶಾಪ್ ಮುಗಿದು ಕಾರಿನಲ್ಲಿ ಬರುವಾಗ 'ನೀನು ಒಂದು ದಿನ ಟೀಗೆ ಬರಲೇಬೇಕು' ಅಂತ ಹೇಳಬಹುದು. ತಾರೀಖು ಹೇಳುವ ತನಕ ಅದು ಕರೆ ಅಲ್ಲ, ಒಳ್ಳೆಯ ಮಾತು ಅಷ್ಟೇ. ಕಾಯುತ್ತಾ ಕೂತು ನೊಂದುಕೊಳ್ಳಬೇಡ. ನಾನು ಒಂದು ಫೆಬ್ರುವರಿ ಪೂರ್ತಿ ನೊಂದುಕೊಂಡೆ. ಆಮೇಲೆ ನಾನೇ ಉಪ್ಪಿಟ್ಟು ಮಾಡಿ, ತಾರೀಖು ಹೇಳಿ ಕರೆದೆ.

ಕತ್ತಲೆ ಬಗ್ಗೆ. ಅಭ್ಯಾಸ ಆಗಿಲ್ಲ ತಂಗೀ. 19 ವರ್ಷದಲ್ಲಿ ಆಗಿಲ್ಲ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಎಂಟು ದಾಟಿದರೂ ಬರೋದಿಲ್ಲ. ದಾವಣಗೆರೆಯಲ್ಲಿ ಬಿಸಿಲಿಗೆ ಬೈದುಕೊಂಡು ಬೆಳೆದ ಮೈಗೆ ಅದು ಒಗ್ಗೋದಿಲ್ಲ. ಕೆಲವು ಕೆಲಸ ಮಾಡುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ, ಮೋಡ ಇದ್ದರೂ, ಹೊರಗೆ ಅರ್ಧ ಗಂಟೆ ನಡೆಯುತ್ತೇನೆ. ವಿಟಮಿನ್ ಡಿ 10 ಮೈಕ್ರೊಗ್ರಾಂ ದಿನವೂ ತಗೋ ಅಂತ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯೇ ಚಳಿಗಾಲಕ್ಕೆ ಎಲ್ಲರಿಗೂ ಹೇಳುತ್ತದೆ, ನಮ್ಮ ಬಣ್ಣದವರಿಗೆ ವರ್ಷವಿಡೀ ತಗೊಳ್ಳಿ ಅನ್ನುತ್ತದೆ. ತಗೋ. ಬೆಳಗ್ಗೆ ಏಳೋಕೆ ಮನಸ್ಸಿಲ್ಲ, ಊಟ ರುಚಿಸೋದಿಲ್ಲ ಅನ್ನೋದು ವಾರಗಟ್ಟಲೆ ಇದ್ದರೆ ಡಾಕ್ಟರಿಗೆ ಹೇಳು, ಅಮ್ಮನಿಗೆ ಅಲ್ಲ. ಅಮ್ಮಂದಿರು ಇಲ್ಲಿ ಕೂತು ಅಳುತ್ತಾರೆ, ಅಷ್ಟೇ. ಮತ್ತೆ ಸಂಜೆ ನಾಲ್ಕರಿಂದ ಏಳು, ಆ ಮೂರು ಗಂಟೆಗೆ ಕೈಗೆ ಏನಾದರೂ ಕೆಲಸ ಕೊಡು. ನಾನು ರೀಥ್ ಕಟ್ಟುತ್ತೇನೆ. ಮೊದಲ ವರ್ಷ ಒಂದು, ಈಗ ರಸ್ತೆಯಲ್ಲಿ ಏಳು ಬಾಗಿಲಿಗೆ.

ಮೊನ್ನೆ ಮದುವೆ ಮನೆಯಲ್ಲಿ ಇದೇ ಕಥೆ ಹೇಳಿ ಅತ್ತಿಗೆಯರಿಗೆ ಒಂದು ಮಾಡಿ ತೋರಿಸಿದೆ. ತಂತಿ ಇರಲಿಲ್ಲ. ಚೌಕಿಪೇಟೆಯಿಂದ ಒಂದು ಬೆತ್ತದ ಬಳೆ ತಂದು, ಬಾಳೆನಾರು ಸುತ್ತಿ, ಮಾವಿನ ಸೊಪ್ಪು, ಮದುವೆಗೆ ತಂದು ಉಳಿದ ಸೇವಂತಿಗೆ, ಒಂದು ಹಿಂಗಾರ ಸೇರಿಸಿ ಕಟ್ಟಿದೆ. ಚೆನ್ನಾಗಿ ಬಂತು. ಮನೆಯೊಳಗೆ ಬೇಡ, ಯಾರಾದರೂ ಏನಾದರೂ ಅಂದಾರು ಅಂತ ಅಮ್ಮ ಗೇಟಿಗೆ ಹಾಕಿಸಿದರು. ಹತ್ತು ನಿಮಿಷ ಬಿಟ್ಟು ನೋಡಿದರೆ ಬೀದಿ ಹಸು ಮುಕ್ಕಾಲು ಪಾಲು ತಿಂದು ಮುಗಿಸಿ ಹಿಂಗಾರಕ್ಕೆ ಬಾಯಿ ಹಾಕಿತ್ತು. ತಂತಿ ಬಳಸದಿದ್ದದ್ದು ಒಳ್ಳೇದೇ ಆಯಿತು.

ನಾನು ಮುಂದಿನ ವಾರ ಹೊರಡುತ್ತೇನೆ. ಖಾರ ಮಂಡಕ್ಕಿಗೆ ಮಸಾಲೆ, ಶೇಂಗಾ ಚಟ್ನಿ ಪುಡಿ, ನಿಮ್ಮಮ್ಮ ಏನಾದರೂ ಕೊಟ್ಟರೆ ಅದು, ಎಲ್ಲ ತರುತ್ತೇನೆ. ಗುರುವಾರದೊಳಗೆ ಅವರಿಗೆ ಹೇಳಿಬಿಡು, ನಾನೇ ವಿದ್ಯಾನಗರಕ್ಕೆ ಹೋಗಿ ಇಸಿದುಕೊಳ್ಳುತ್ತೇನೆ. ಮಾವಿನೆಲೆ ಕೇಳಬೇಡ, ಹಸಿ ಎಲೆಗೆ ಸರ್ಟಿಫಿಕೇಟ್ ಬೇಕು. ಬೆಣ್ಣೆಯನ್ನೂ ಕೇಳಬೇಡ, ಹಾಲಿನ ಪದಾರ್ಥ ಒಳಗೆ ಬಿಡೋದಿಲ್ಲ. ದೋಸೆಗೆ ಅಲ್ಲಿಯ ಬೆಣ್ಣೆಯೇ ಗತಿ. ಉಪ್ಪಿಲ್ಲದ್ದನ್ನು ತಗೋ.